ಬೇರಮ್ಮ: ಬಿಡಿಸಿ ಬರೆಯಿರಿ

ಫೆಬ್ರವರಿ 16, ಭಾನುವಾರ
ಬೆಳಿಗ್ಗೆ, ಅಡುಗೆಮನೆಯ ಮೇಜಿನಿಂದ

ಪ್ರೀತಿಯ ಹಲ್ಲುಪುಟ್ಟಿಗೆ,

ನಿನ್ನ ಕಾಗದ ಬಂದು ಇವತ್ತಿಗೆ ಹದಿನೆಂಟು ದಿನ. ಹಲ್ಲುನೋವಿನವರನ್ನು ನೀನು ಇಷ್ಟು ದಿನ ಕಾಯಿಸಿದ್ದರೆ ಅವರು ನಿನ್ನ ಕ್ಲಿನಿಕ್ಕಿನ ಬೋರ್ಡನ್ನೇ ಕಚ್ಚಿ ಹಾಕುತ್ತಿದ್ದರು. ಕಾಲೇಜಿನ ಉತ್ತರಪತ್ರಿಕೆ ತಿದ್ದುವುದಿತ್ತು ಎಂದು ಬರೆಯಲು ಹೊರಟೆ; ಆದರೆ ಕಟ್ಟುಗಳು ಬಂದದ್ದೇ ಮೊನ್ನೆ ಶುಕ್ರವಾರ. ಸುಳ್ಳು ಹೇಳುವುದಾದರೆ ತಾರೀಕು ನೋಡಿಕೊಂಡು ಹೇಳಿ ಎಂದು ವಿದ್ಯಾರ್ಥಿಗಳಿಗೆ ನಾನೇ ಬುದ್ಧಿ ಹೇಳುವವಳು. ನಿಜವೇನೆಂದರೆ, ನೀನು ಕೇಳಿದ ಪ್ರಶ್ನೆಗೆ ಉತ್ತರ ಬರೆಯಲು ಕೂತಾಗಲೆಲ್ಲ ನೀನು ಕೇಳದ ಪ್ರಶ್ನೆಯೊಂದು ಅಡ್ಡ ಬಂದು ಕೂರುತ್ತಿತ್ತು. ಅದಕ್ಕೂ ಉತ್ತರ ಕೊಟ್ಟರೆ ನೀನು ನನ್ನನ್ನು ಮುಂದೆ ಏನೆಂದು ಕರೆಯುತ್ತೀಯೋ ಗೊತ್ತಿಲ್ಲ. ಆದ್ದರಿಂದ ಒಂದು ಕರಾರು: ಕೊನೆಯ ಸಾಲಿನವರೆಗೆ ಓದದೆ ಗಿಡದ ಕುಂಡಕ್ಕೆ ಕೈ ಹಾಕಬೇಡ.

ಅಪ್ಪ ಚೆನ್ನಾಗಿದ್ದಾರೆ. ಅಂಗಡಿಗೆ ಕಣ್ಣು ಪರೀಕ್ಷಿಸುವ ಹೊಸ ಯಂತ್ರ ಬಂದಿದೆ. ಬಂದವರ ಕಣ್ಣಿಗಿಂತ ಯಂತ್ರವನ್ನೇ ಹೆಚ್ಚು ನೋಡುತ್ತಾರೆ. ಅವರು ಕನ್ನಡಕದವರು, ನಾನು ಕನ್ನಡದವಳು, ನಮ್ಮಿಬ್ಬರ ನಡುವೆ ಒಂದೇ ಅಕ್ಷರದ ವ್ಯತ್ಯಾಸ ಎಂದು ನಾನು ಮದುವೆಯಾದ ವರ್ಷ ಹೇಳಿದ ಜೋಕನ್ನು ಮೊನ್ನೆ ತಮ್ಮದೆಂದು ಗಿರಾಕಿಯೊಬ್ಬರಿಗೆ ಹೇಳುತ್ತಿದ್ದರು. ನೀನು ಬೇರೂರಿಗೆ ಹೋಗಿ ಮೂರು ತಿಂಗಳಾಯಿತಲ್ಲ, "ಹುಡುಗಿ ಬೇರೂರಿದಳೋ ಇಲ್ಲವೋ ಕೇಳು" ಎಂದಿದ್ದಾರೆ. ಅದು ಮಾತ್ರ ಅವರದೇ ಜೋಕು. ಅವರಿಗೆ ಗೊತ್ತಾಗದೆ ಆದದ್ದು.

ಇನ್ನು ನಿನ್ನ ಪ್ರಶ್ನೆ. "ಅಮ್ಮನ ಗಿಡದ ಬೇರು ಕುಂಡದ ತೂತಿನಿಂದ ಆಚೆ ಬಂದಿದೆ, ನೀರು ಹಾಕಿದರೆ ಅಂಚಿನಿಂದ ಸೋರಿ ಹೋಗುತ್ತೆ, ಹೂವು ಕಮ್ಮಿಯಾಗಿದೆ. ದೊಡ್ಡ ಕುಂಡಕ್ಕೆ ಹಾಕಬೇಕು ಅನ್ನಿಸುತ್ತೆ. ಆದರೆ ನನಗೆ ಭಯ. ಏನಾದರೂ ಆದರೆ?" ಎಂದು ಬರೆದಿದ್ದೀಯ. ದಿನಾ ನಾಲ್ಕು ಜನರ ಬಾಯಿಗೆ ದೀಪ ಹಿಡಿದು ರೂಟ್ ಕೆನಾಲ್ ಮಾಡುವವಳು ಒಂದು ಗಿಡದ ಬೇರಿಗೆ ಹೆದರುತ್ತೀಯಲ್ಲ ತಾಯಿ. ಇಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೂಡ ಬೇಕಿಲ್ಲ.

ಗಜಾನಿಯಾ ಎಂದು ಅದರ ಹೆಸರು. ಹೆಸರಲ್ಲಿ ಗಜ, ಅಳತೆಯಲ್ಲಿ ಗೇಣು. ಡೇಸಿ ಜಾತಿಯದು, ಆದರೆ ದೇಸಿ ಅಲ್ಲ. ಬಿಸಿಲು ಕಾಯುವ ಮರಳುನೆಲದಿಂದ ಬಂದದ್ದು. ಬಿಸಿಲು ಬಂದರೆ ಅರಳುತ್ತದೆ, ಮೋಡ ಕವಿದರೆ ಅಪ್ಪನ ಅಂಗಡಿಯ ಷಟರಿನಂತೆ ಮುಚ್ಚಿಕೊಳ್ಳುತ್ತದೆ. ಬಾಯಾರಿಕೆಯನ್ನು ತಡೆಯುತ್ತದೆ, ಉಪಚಾರವನ್ನು ತಡೆಯುವುದಿಲ್ಲ. ಈ ವಾಕ್ಯದ ಕೆಳಗೆ ಗೆರೆ ಎಳೆದುಕೊ.

ಹೊಸ ಕುಂಡ ಹಳೆಯದಕ್ಕಿಂತ ಎರಡು ಬೆರಳು ಅಗಲವಿದ್ದರೆ ಸಾಕು. ಮಕ್ಕಳಿಗೆ ಅಂಗಿ ಹೊಲಿಸುವಾಗ ಮಾಡುವಂತೆ "ಬೆಳೆಯುತ್ತಲ್ಲ, ಇರಲಿ" ಎಂದು ದೊಡ್ಡದು ತರಬೇಡ. ಹೆಚ್ಚಿನ ಮಣ್ಣಿನಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ತಳದ ತೂತಿನ ಮೇಲೆ ಒಡೆದ ಹೆಂಚಿನ ಚೂರನ್ನು ಬೋರಲು ಇಡು. ನೀರು ಹೋಗಲಿ, ಮಣ್ಣು ಉಳಿಯಲಿ. ಅರ್ಧ ಕೆಂಪುಮಣ್ಣು, ಹತ್ತಿರಹತ್ತಿರ ಅರ್ಧ ಮರಳು, ಗೊಬ್ಬರ ಒಂದೇ ಹಿಡಿ. ಎರಡು ದಿನ ಮೊದಲೇ ನೀರು ನಿಲ್ಲಿಸಿರಬೇಕು. ಆಮೇಲೆ ಕುಂಡವನ್ನು ಮಡಿಲಲ್ಲಿ ಮಲಗಿಸಿಕೊಂಡು ಬೆನ್ನು ತಟ್ಟು, ಮಗುವಿಗೆ ತೇಗು ಬರಿಸುವ ಹಾಗೆ. ಬುಡವನ್ನು ಬೆರಳುಗಳ ನಡುವೆ ಹಿಡಿದು ಬೋರಲು ಮಾಡಿದರೆ ಇಡೀ ಮುದ್ದೆ ಕೈಗೆ ಬರುತ್ತದೆ. ಇಕ್ಕಳ ಹಾಕಿ ಎಳೆಯುವ ನಿನ್ನ ವೃತ್ತಿಚಾಳಿ ಇಲ್ಲಿ ಬೇಡ. ಸುತ್ತಿಕೊಂಡ ಬೇರನ್ನು ಬೆರಳಿನಿಂದ ಸಡಿಲಿಸು, ಕೊಳೆತದ್ದಿದ್ದರೆ ಕತ್ತರಿಸು. ಬುಡ ಮೊದಲು ಎಷ್ಟು ಮೇಲಿತ್ತೋ ಅಷ್ಟೇ ಮೇಲಿರಲಿ. ಒಂದು ಸಲ ನೀರು ಹಾಕಿ, ನಾಲ್ಕು ದಿನ ನೆರಳಲ್ಲಿಟ್ಟು, ಆಮೇಲೆ ಬಿಸಿಲಿಗೆ ಬಿಡು. ಒಂದು ವಾರ ಮುಖ ಬಾಡಿಸಿಕೊಂಡಿರುತ್ತದೆ. ಹೊಸ ಮನೆಗೆ ಬಂದವರು ಯಾರಾದರೂ ಹಾಗೇ. ಅದನ್ನು ನೋಡಿ ಮತ್ತೆ ಮತ್ತೆ ನೀರು ಹಾಕಬೇಡ.

ಹೊಸ ಮನೆ ಎಂದಾಗ ನೆನಪಾಯಿತು. ನಾನು ಈ ಮನೆಗೆ ಬಂದಾಗ ನಿನಗೆ ಹನ್ನೆರಡು. ನಿನ್ನಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಮೆಟ್ಟಿಲ ಮೇಲೆ ನಿನ್ನ ಗೆಳತಿ "ಇವರು ಯಾರೇ?" ಎಂದು ಕೇಳಿದಳು. ನೀನು ಷೂ ಲೇಸು ಕಟ್ಟುತ್ತಾ, ತಲೆಯೆತ್ತದೆ, "ಬೇರಮ್ಮ" ಎಂದೆ. ಬೇರೆ ಅಮ್ಮ ಎಂಬುದನ್ನು ಅವಸರದಲ್ಲಿ ನುಂಗಿದ್ದೆ, ಅಷ್ಟೆ. ಮೇಷ್ಟ್ರಮ್ಮನ ಬಾಯಿ ಸುಮ್ಮನಿರಬೇಕಲ್ಲ. "ಲೋಪಸಂಧಿ, ಭೇಷ್. ಆದರೆ ಇದನ್ನ ಎರಡು ಥರ ಬಿಡಿಸಬಹುದು ಪುಟ್ಟಿ. ಬೇರೆ ಅಮ್ಮ ಅಂತಲೂ ಆಗುತ್ತೆ, ಬೇರು ಅಮ್ಮ ಅಂತಲೂ ಆಗುತ್ತೆ" ಎಂದೆ.

"ಯಾವುದು ಸರಿ?"

"ಎರಡಕ್ಕೂ ಮಾರ್ಕ್ಸ್ ಇದೆ."

ನೀನು ಇನ್ನೊಂದು ಕಾಲಿನ ಲೇಸನ್ನೂ ಬಿಗಿದು ಎದ್ದು ನಿಂತು, "ನಾನು ಹೇಳಿದ್ದು ಮೊದಲನೇದು" ಎಂದೆ. ಗೆಳತಿ ನಕ್ಕಳು, ನಾನೂ ನಕ್ಕೆ. ಅಂದಿನಿಂದ ಆ ಹೆಸರೇ ನಿಂತಿತು. ಅದನ್ನು ಯಾವ ಅರ್ಥದಲ್ಲಿ ಕರೆಯುತ್ತಿದ್ದೀಯ ಎಂದು ಹನ್ನೆರಡು ವರ್ಷದಲ್ಲಿ ನಾನು ಮತ್ತೆ ಕೇಳಿಲ್ಲ. ವ್ಯಾಕರಣದವರಿಗೂ ಕೆಲವು ಸಂಧಿಗಳನ್ನು ಮುಟ್ಟಲು ಧೈರ್ಯ ಸಾಲದು.

ಊಟ ಬಿಟ್ಟು ಕೆಲಸ ಮಾಡಬೇಡ. ಕತ್ತು ಬಗ್ಗಿಸಿ ನಿಂತೇ ಇರುತ್ತೀಯ, ನಡುನಡುವೆ ಬೆನ್ನು ನೆಟ್ಟಗೆ ಮಾಡು. ನಿನ್ನ ಕೈ ಹಗುರವಾಗಿರಲಿ, ನಿನ್ನ ಹತ್ತಿರ ಬಂದವರೆಲ್ಲ ನಗುತ್ತಾ ಹೋಗಲಿ, ಹಲ್ಲು ಕಾಣುವ ಹಾಗೆ.

ಆಶೀರ್ವಾದಗಳೊಂದಿಗೆ,
ನಿನ್ನ ಬೇರಮ್ಮ

ತಾ.ಕ.: ತಾಜಾ ಕಲಂ ಎಂಬುದು ಇದರ ಪೂರ್ಣರೂಪ. ಆದರೆ ಈ ಸುದ್ದಿ ತಾಜಾ ಅಲ್ಲ, ಏಳು ವರ್ಷ ಹಳಸಿದ್ದು.

ಕುಂಡ ಬೋರಲು ಮಾಡಿದಾಗ ಬೇರಿನ ಮುದ್ದೆಯೊಳಗೆ ಕಪ್ಪು ಪ್ಲಾಸ್ಟಿಕ್ ಚೀಲದ ಚೂರುಗಳು ಕಾಣುತ್ತವೆ. ನರ್ಸರಿಯವರು ಗಿಡ ಮಾರುವ ಚೀಲ. ನಿನ್ನಮ್ಮ ತಂದದ್ದು ಚೀಲದ ಗಿಡವಲ್ಲ, ಗೆಳತಿಯ ಮನೆಯಿಂದ ಒಂದು ಕಡ್ಡಿ ತಂದು ನೆಟ್ಟದ್ದು ಎಂದು ನೀನೇ ನನಗೆ ಹೇಳಿದ್ದೆ. ಹಾಗಾಗಿ ಚೂರು ಕಂಡ ಕೂಡಲೇ ನಿನಗೆ ಎಲ್ಲ ತಿಳಿಯುತ್ತದೆ. ಅದಕ್ಕೆ ಮೊದಲು ನನ್ನ ಬಾಯಿಂದ ತಿಳಿಯಲಿ.

ನಿನಗೆ ಹದಿನೇಳಾಗಿದ್ದಾಗ ಮೂರು ವಾರ ಶಿಬಿರಕ್ಕೆ ಹೋದೆಯಲ್ಲ. ಅಲ್ಲಿಯವರೆಗೆ ಆ ಕುಂಡವನ್ನು ಯಾರಿಗೂ ಮುಟ್ಟಲು ಬಿಟ್ಟವಳಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, "ಗಿಡ ನೋಡ್ಕೊಳ್ಳಿ ಬೇರಮ್ಮ. ಮೂರು ದಿನಕ್ಕೆ ಒಂದು ಲೋಟ ನೀರು" ಎಂದೆ. ನನಗೆ ಕೇಳಿಸಿದ್ದು ಮೊದಲರ್ಧ ಮಾತ್ರ. ನೋಡಿಕೊಳ್ಳಿ ಎಂದಳಲ್ಲ, ನನಗೆ ಕೊಟ್ಟಳಲ್ಲ ಎಂಬ ಸಂಭ್ರಮದಲ್ಲಿ ಉಳಿದದ್ದು ತಲೆಕೆಳಗಾಯಿತು. ದಿನಕ್ಕೆ ಮೂರು ಲೋಟ ಹಾಕಿದೆ. ಇಪ್ಪತ್ತು ವರ್ಷ ಪದಕ್ರಮದ ಪಾಠ ಮಾಡಿದವಳು. ಎಲೆ ಬಾಡಿದಂತೆ ಕಂಡಿತು, ನಾಲ್ಕು ಲೋಟ ಮಾಡಿದೆ. ನೀನು ಬರುವ ಹಿಂದಿನ ದಿನ ಮುಟ್ಟಿದರೆ ಬುಡವೇ ಕೈಗೆ ಬಂತು. ವಾಸನೆ ಬರುತ್ತಿತ್ತು.

ಮರುದಿನ ಒಂದು ಒಣಗಿದ ಹೂವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮೂರು ನರ್ಸರಿ ತಿರುಗಿದೆ. ಇದೇ ಬಣ್ಣ, ಇದೇ ಕಪ್ಪು ಉಂಗುರ ಬೇಕು ಎಂದಾಗ ಮೂರನೆಯವನು, "ಏನಕ್ಕಾ, ಅಂಗಿಗೆ ಗುಂಡಿ ಹುಡುಕೋ ಥರ ಹುಡುಕ್ತಿದೀರಲ್ಲ" ಎಂದ. ಅವನ ಹತ್ತಿರವೇ ಗಿಡ ತಂದೆ. ನಿನ್ನ ರೈಲು ಬರಲು ಎರಡೇ ಗಂಟೆ ಇತ್ತು, ಚೀಲವನ್ನು ಪೂರ್ತಿ ತೆಗೆಯಲಾಗಲಿಲ್ಲ. ಸೀಳಿ, ಹಾಗೇ ಇಟ್ಟು, ಮಣ್ಣು ತುಂಬಿದೆ. ಹಳೆಯ ಗಿಡವನ್ನು ಕಸಕ್ಕೆ ಹಾಕಲು ಮನಸ್ಸಾಗದೆ ಚೂರು ಮಾಡಿ ಅದೇ ಕುಂಡದ ತಳಕ್ಕೆ ಬೆರೆಸಿದೆ. ಬಲ್ಲವರು ಕೇಳಿದರೆ ಬೈಯುತ್ತಾರೆ, ಕೊಳೆತದ್ದನ್ನು ಬೆರೆಸಬಾರದಂತೆ. ಬೇರೆಯಾಗುವುದಕ್ಕೆ ಬಿಡಲು ನನಗೇ ಆಗಲಿಲ್ಲ.

ನೀನು ಬಂದವಳು, "ಬಣ್ಣ ಸ್ವಲ್ಪ ಗಾಢ ಆಗಿದೆ ಅಲ್ವಾ?" ಎಂದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಕನ್ನಡಕ ತೆಗೆದು ಒರೆಸುತ್ತಾ, "ಈ ಸಲ ಬಿಸಿಲು ಜಾಸ್ತಿ ಇತ್ತು" ಎಂದರು. ಅವರ ಕಣ್ಣು ಎಷ್ಟು ಚುರುಕು ಎಂದು ನಿನಗೆ ಗೊತ್ತು. ಆ ವಿಷಯ ನಾವಿಬ್ಬರೂ ಇವತ್ತಿನವರೆಗೂ ಮಾತಾಡಿಲ್ಲ.

ತಪ್ಪು ಅಲ್ಲಿಗೇ ನಿಂತಿದ್ದರೆ ಎಂದೋ ಹೇಳಿಬಿಡುತ್ತಿದ್ದೆ. ಆದರೆ ನೀನು ದಿನಾ ಸಂಜೆ ಆ ಗಿಡದ ಮುಂದೆ ಕೂತು, "ಅಮ್ಮಾ, ಇವತ್ತು ಏನಾಯ್ತು ಗೊತ್ತಾ" ಎಂದು ಶುರು ಮಾಡುತ್ತಿದ್ದೆ. ಬಾಲ್ಕನಿಯಿಂದ ನನ್ನ ಮೇಜಿಗೆ ಆರು ಹೆಜ್ಜೆ. ಗಿಡ ತಂದವಳು ನಾನಲ್ಲವೇ, ಆ ಕರೆಯಲ್ಲಿ ಒಂದು ಪಾಲು ನನಗೂ ಇರಬಹುದೆಂದು ಕದ್ದು ಆಸೆಪಟ್ಟೆ. ಎರಡು ಸಲ "ಏನು ಮಗಳೇ" ಎನ್ನಲು ಬಾಯಿ ತೆರೆದು ಕೆಮ್ಮಿನಲ್ಲಿ ಮುಗಿಸಿದ್ದೇನೆ. ನೀನು ಕೆಮ್ಮಿಗೆ ಔಷಧಿ ತಂದುಕೊಟ್ಟೆ. ಅದನ್ನೂ ಕುಡಿದೆ. ನಿನಗೆ ಹೇಳಿದರೆ ನಿನ್ನಮ್ಮ ಇನ್ನೊಂದು ಸಲ ಹೋಗುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜ. ಆ ಕರೆ ನಿಂತುಹೋಗುತ್ತದೆ ಎಂಬುದೂ ನಿಜ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದೆ ಎಂಬುದೇ ಈ ಹದಿನೆಂಟು ದಿನದ ತಡ.

ಈಗ ಕುಂಡಕ್ಕೆ ಕೈ ಹಾಕು. ಪ್ಲಾಸ್ಟಿಕ್ ಚೂರುಗಳನ್ನು ನಿಧಾನವಾಗಿ ತೆಗೆ, ಬೇರು ಅದರೊಳಗೆ ಹಾದು ಬೆಳೆದಿರುತ್ತದೆ. ಗಿಡ ಬೇಡವೆನಿಸಿದರೆ ಇಟ್ಟುಕೊಳ್ಳಬೇಡ. ಕುಂಡ ಮಾತ್ರ ಇಟ್ಟುಕೊ, ಅದು ನಿಜವಾಗಿಯೂ ನಿನ್ನಮ್ಮನದು. ನನಗೊಂದು ಕಾಗದ ಬರೆ. ಒಳಗೆ ಏನೂ ಬರೆಯದಿದ್ದರೂ ನಡೆಯುತ್ತದೆ, ಮೇಲೆ ಕರೆಯುವ ಆ ಒಂದು ಪದ ಸಾಕು. ಈ ಸಲ ಅದನ್ನು ಕೂಡಿಸದೆ ಬಿಡಿಸಿ ಬರೆ. ನೀನು ಮೊದಲು ಹೇಳಿದ ಹಾಗೆಯೇ ಬಿಡಿಸಿದರೂ ಪೂರ್ತಿ ಅಂಕ ಕೊಡುತ್ತೇನೆ.