ನೋಡಿದವರು ಯಾರೂ ಇಲ್ಲ

ಮಾರ್ಚ್ 3, ಸೋಮವಾರ
ಇವತ್ತೂ ಹೇಳಿಕೆಗಳನ್ನು ಇಂಗ್ಲಿಷಿಗೆ ಇಳಿಸುವ ಕೆಲಸ. ವರದಿ ಹೆಡ್ ಆಫೀಸಿಗೆ ಹೋಗಬೇಕು. ನಮ್ಮ ಕಾರ್ಖಾನೆಯ ಟ್ಯಾಂಕಿಗೆ ಇಳಿದ ಫಿಟ್ಟರ್ ಕಳೆದ ವಾರ ಒಳಗೇ ಉಸಿರುಗಟ್ಟಿ ಸತ್ತ. ಕಂಡದ್ದನ್ನು ಹೇಳಿದವನು ಗೇಟು ಕಾಯುವ ತಾತ ಒಬ್ಬನೇ. "ಗ್ಯಾಸ್ ಚೆಕ್ ಮಾಡ್ದೇನೇ ಸಾಹೇಬ್ರು ಅವನನ್ನ ಇಳಿಸಿದ್ರು ಅಮ್ಮ. ನಾನೇ ಕಣ್ಣಾರೆ ನೋಡಿದೀನಿ." ಬರೆದುಕೊಂಡೆ. ಹೆಬ್ಬೆಟ್ಟು ಒತ್ತಿಸಿ ಬೀರುವಿನಲ್ಲಿಟ್ಟೆ.

ಮಾರ್ಚ್ 4
ಪಾಪ, ತಾತನಿಗೆ ನಿವೃತ್ತಿಗೆ ಎಂಟೇ ತಿಂಗಳು. ಇಂಗ್ಲಿಷ್ ವರದಿಯಲ್ಲಿ ಅವನ ಹೆಸರು ಹಾರಿಸಿದೆ. ಫಿಟ್ಟರ್ 'ವಾಸ್ ಅಲೌಡ್ ಟು ಗೋ ಡೌನ್' — ಇಳಿಯಲು ಬಿಡಲಾಯಿತು, ಬಿಟ್ಟವರಿಲ್ಲ. 'ವಾಸ್ ಸೀನ್ ಟು ಗೋ ಡೌನ್' — ಇಳಿದದ್ದು ಕಾಣಲಾಯಿತು, ನೋಡಿದವರೂ ಇಲ್ಲ. ತಮಾಷೆಯೆಂದರೆ, ನೋಡಿದವನು ವಾಕ್ಯದಲ್ಲಿದ್ದರೆ, 'ಹೀ ಸಾ ಹಿಮ್ ಗೋ', ಬರೀ 'ಗೋ' ಸಾಕು. ಅವನನ್ನು ವಾಕ್ಯದಿಂದ ಎಬ್ಬಿಸಿದರೆ ಆ ಜಾಗದಲ್ಲಿ ಒಂದು 'ಟು' ಬಂದು ಕೂರುತ್ತದೆ. ನಮ್ಮ ಮಾತಿನಲ್ಲಿ ಹೀಗೆ ಮಾಡಿದವರನ್ನೇ ಬಿಟ್ಟು ಬರೆದರೆ ಮಕ್ಕಳೂ ನಕ್ಕಾರು. ಇಳಿಸಿದ ಮ್ಯಾನೇಜರ್ ಸಾಹೇಬರ ಹೆಸರೂ ಜೊತೆಯಲ್ಲೇ ಹೋಯಿತು... ಹೇಡಿತನ, ಗೊತ್ತು.

ಮಾರ್ಚ್ 6
ಸಾಹೇಬರು ಕರೆಸಿದರು. ಟೀ ತರಿಸಿದರು. ವರದಿಯ ಭಾಷೆ ಚೆನ್ನಾಗಿದೆ ಎಂದು ಹೊಗಳಿದರು. ಆಮೇಲೆ ಮನೆಯವರ ಆರೋಗ್ಯ ವಿಚಾರಿಸುವ ದನಿಯಲ್ಲೇ, "'ಸೀನ್' ಅಂತ ಹಾಕಿದೀರಲ್ಲ ಮೇಡಂ, ನೋಡಿದ್ದು ಯಾರು?"
ಹೊಗಳಿಕೆಗೆ ಉಬ್ಬಿಹೋಗಿದ್ದೆ. ಬಾಯಿ ಜಾರಿತು. ಗೇಟಿನ ತಾತ ಅಂದುಬಿಟ್ಟೆ. ಅವರು ಪೆನ್ನಿಗೆ ಕ್ಯಾಪ್ ಹಾಕಿದರು.

ಮಾರ್ಚ್ 11
ಗೇಟಿನಲ್ಲಿ ಹೊಸ ಮುಖ. ತಾತನನ್ನು ಟ್ಯಾಂಕ್ ತೊಳೆಯುವ ಗುಂಪಿಗೆ ಹಾಕಿದ್ದಾರೆ. ಮೆಟ್ಟಿಲು ಹತ್ತಿದರೇ ಏದುಸಿರು ಬಿಡುವ ಮನುಷ್ಯ. ಹುಡುಕಿಕೊಂಡು ಹೋದೆ. "ಯಾರೋ ಹೇಳ್ಬಿಟ್ಟಿದಾರೆ ಕಣಮ್ಮ," ಅಂದ. ಹೌದು, ಯಾರೋ ಇರಬೇಕು ಅಂದೆ. ನನ್ನ ಬಗ್ಗೆ ನನಗೇ ಅಸಹ್ಯ.

ಮಾರ್ಚ್ 12, ಬೆಳಿಗ್ಗೆ 10.40
ಮೇಜಿನ ಮೇಲೆ ಸಾಹೇಬರ ಕಡೆಯಿಂದ ಇಂಗ್ಲಿಷ್ ತಿದ್ದಲು ಬಂದ ಹಾಳೆ. ಅದೇ ಟ್ಯಾಂಕ್, ಇವತ್ತು ಹನ್ನೊಂದು ಗಂಟೆ, ತಾತನ ಹೆಸರು. ಗ್ಯಾಸ್ ಚೆಕ್ ಕಾಲಂ ಖಾಲಿ. ಕೆಳಗೆ, 'ವಾಸ್ ಅಲೌಡ್ ಟು ಗೋ ಡೌನ್'. ಇನ್ನೂ ಇಳಿದಿಲ್ಲ, ಆಗಲೇ ಇಳಿದ ಹಾಗೆ ಬರೆದಿದ್ದಾರೆ. ಬೀರು ತೆಗೆದೆ. ಹೆಬ್ಬೆಟ್ಟಿನ ಹೇಳಿಕೆ ಇಲ್ಲ.

10.52
ಬಾಗಿಲಿಗೆ ಹೊರಗಿನಿಂದ ಚಿಲಕ. ಫೋನ್ ಎತ್ತುವವರಿಲ್ಲ. ಕೂಗಿದೆ — ಯಂತ್ರಗಳ ಸದ್ದು. ತೆರೆಯದ ಗಾಜಿನ ಕಿಟಕಿ. ಕೆಳಗೆ ತಾತನ ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದಾರೆ.
ಯಾರನ್ನೂ ಹಾರಿಸದೆ ಬರೆಯುತ್ತೇನೆ. ಹೆಸರು ಹೇಳಿದವಳು ನಾನು. ಇಳಿಸುತ್ತಿರುವವರು ಸಾಹೇಬರು. ನೋಡುತ್ತಿರುವವಳು ನಾನು.
ಗಾಜು ಬಡಿದೆ. ತಾತ ಮೇಲೆ ನೋಡಿದ. ಬೇಡ ಬೇಡ ಎಂದು ಕೈ ಆಡಿಸಿದೆ. ಹೋಗಿಬರುತ್ತೇನೆ ಅನ್ನುವ ಹಾಗೆ ಅವನೂ ಕೈ ಎತ್ತಿ, ನಕ್ಕು,