ಜೋಡಿ ಕಾಯಿ ಎಳೆದುಕೊಂಡ ಮೇಲೆ

ಅವ್ವಾ,

ಇವತ್ತು ನಾನು ಈಜಿದೆ. ಅದೂ ನಿನ್ನ ತವರೂರು ಸಂಪಿಗೆಯ ಕೆರೆಕಟ್ಟೆಯಲ್ಲಿ, ಈ ವಯಸ್ಸಲ್ಲಿ! ಮಂಡಿನೋವಿಗೆ ಈಜು ಒಳ್ಳೇದು ಅಂದರು ಡಾಕ್ಟರು. ಬಾವಿ ಕಂಡರೆ ದೂರದಿಂದಲೇ ಬಳಸಿಕೊಂಡು ಹೋಗೋಳು ನಾನು. ಆದರೂ ನಿನ್ನ ಗೆಳತಿ ಭೈರಮ್ಮ ಚಿಕ್ಕವ್ವ ಬಿಡಲಿಲ್ಲ. ಕೊಬ್ಬರಿ ಅಟ್ಟದಿಂದ ಎರಡು ಒಣಗಿದ ಕಾಯಿ ಇಳಿಸಿ, ಸಿಪ್ಪೆ ಸೀಳಿ ಒಂದಕ್ಕೊಂದು ಗಂಟು ಹಾಕಿ, ನನ್ನ ಎದೆ ಕೆಳಗೆ ಕೊಟ್ಟು ನಾಲ್ಕು ದಿನದಿಂದ ನೀರಿಗೆ ಇಳಿಸ್ತಿದ್ದಳು. ಇವತ್ತು ಹೇಳದೆ ಕೇಳದೆ ಆ ಕಾಯಿ ಎಳೆದುಕೊಂಡಳು. ಚೀರಿದೆ, ನೀರು ಕುಡಿದೆ, ಆಮೇಲೆ ನೋಡಿದರೆ ತೇಲ್ತಾ ಇದ್ದೆ.

ಚಿಕ್ಕವ್ವ ನಕ್ಕಳು. "ಥೇಟ್ ನಿಮ್ಮವ್ವನಂಗೇ ಕಾಲು ಬಡೀತೀಯ ಕಣೇ. ಈ ಕಟ್ಟೇನ ಒಂದೇ ಉಸಿರಿಗೆ ದಾಟೋಳು. ನಂಗೆ ಈಜು ಕಲಿಸಿದ್ದೇ ಅವಳು."



ಅಪ್ಪ ಸಾಯೋವರೆಗೂ ಹೇಳ್ತಿದ್ದದ್ದು ಒಂದೇ ಮಾತು. ನಿನಗೆ ಈಜು ಬರ್ತಿರಲಿಲ್ಲ, ನೀರು ಸೇದುವಾಗ ಕಾಲು ಜಾರಿ ತೋಟದ ಬಾವಿಗೆ ಬಿದ್ದು ತೀರಿಕೊಂಡೆ ಅಂತ. ಅದಕ್ಕೇ ತಾನೆ ನನಗೆ ನೀರಂದ್ರೆ ಭಯ? ಈಗ ಯಾರನ್ನ ನಂಬಲಿ? ಸೀರೆ ಕಾಲಿಗೆ ಸುತ್ತಿಕೊಂಡಿತಾ? ತಲೆಗೆ ಕಲ್ಲು ತಗುಲಿತಾ? ಅಪ್ಪನಿಗೆ ನಿಜವಾಗಲೂ ಗೊತ್ತಿರಲಿಲ್ವಾ?

ಚಿಕ್ಕವ್ವ ಸೀರೆ ಹಿಂಡ್ತಿದ್ದಾಗ, ಕೈಕಾಲು ಆಡಿಸೋದು ನಿಲ್ಲಿಸಿ ನೋಡಿದೆ. ಮುಳುಗೋಕೆ ಆಗಲಿಲ್ಲ ಕಣವ್ವಾ. ಕಲಿತು ಒಂದು ದಿನ ಆಗಿಲ್ಲ, ಆಗಲೇ ಈ ಕೈಕಾಲು ನನ್ನ ಮಾತು ಕೇಳದೆ ನನ್ನನ್ನ ಮೇಲಕ್ಕೆ ತಂದವು.

ನೀನು ನಿನ್ನ ಕೈಕಾಲಿಗೆ ಅವತ್ತು ಏನು ಹೇಳಿದ್ದೆ?