ಉತ್ತರಕ್ಕೆ: ದಾರಿ

ಮಾನ್ಯ ಆಸ್ತಿ ನೋಂದಣಾಧಿಕಾರಿಗಳೇ,

ನನಗೆ ಸ್ವಂತ ಮನೆಯಿದೆ. ಅದರೊಳಕ್ಕೆ ಹೋಗಲು ದಾರಿಯಿಲ್ಲ. ಇದು ವೇದಾಂತವಲ್ಲ, ಫಿರ್ಯಾದು. ಬಾಗಿಲು, ಕಿಟಕಿ, ನಲ್ಲಿ ಎಲ್ಲ ಇರುವ, ತಮ್ಮ ಕಚೇರಿಯ ಮೊಹರು ಬಿದ್ದ ಪತ್ರವೂ ಇರುವ ಮನೆಗೆ ನಾಲ್ಕು ದಿಕ್ಕಿನಿಂದಲೂ ಪ್ರವೇಶವಿಲ್ಲ. ಮನೆ ಕಟ್ಟಿ ನೋಡು ಎಂದು ಹಿರಿಯರು ಹೇಳಿದರು. ಕಟ್ಟಿದೆ. ಈಗ ಗೋಡೆಯಾಚೆ ನಿಂತು ನೋಡುತ್ತಿದ್ದೇನೆ. ತಮ್ಮ ಮೇಜಿನ ಮುಂದೆ ನಿಂತು ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿದಿದೆ, ಆದ್ದರಿಂದ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ತಮ್ಮ ಕಚೇರಿಯ ವರಾಂಡದಲ್ಲಿ ‘ಜಾಗ ಕೊಳ್ಳುವ ಮುನ್ನ’ ಎಂಬ ಬಣ್ಣದ ಫಲಕ ತೂಗುಹಾಕಿದ್ದೀರಿ. ಸ್ಥಳವನ್ನು ಖುದ್ದಾಗಿ ನೋಡಿ, ಮೂಲಪತ್ರ ಓದಿ, ಸಾಲದ ಹೊರೆ ಇದೆಯೇ ವಿಚಾರಿಸಿ, ಅಳತೆ ಮಾಡಿಸಿ, ನಾಲ್ಕು ದಿಕ್ಕಿಗೂ ಏನೇನಿದೆ ಎಂಬ ಚೆಕ್ಕುಬಂದಿಯನ್ನು ತಾಳೆ ನೋಡಿ. ಎಲ್ಲವೂ ಬಂಗಾರದಂಥ ಮಾತು. ಒಂದನ್ನೂ ಬಿಡದೆ ಪಾಲಿಸಿದೆ. ನಾನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು, ಕನ್ನಡಿ ನೋಡದೆ ಗಾಡಿ ತಿರುಗಿಸಿದವರಿಗೆ ಬೈದು ಬೈದು ಗಂಟಲು ಕೆಡಿಸಿಕೊಂಡವನು. ನಾನು ಹಿಂದೆಮುಂದೆ ನೋಡದೆ ಜಾಗ ಕೊಳ್ಳುತ್ತೇನೆಯೇ? ಪತ್ರದಲ್ಲಿ ಹೀಗಿತ್ತು: ಪೂರ್ವಕ್ಕೆ ಗೋದಾಮಿನ ಗೋಡೆ, ಪಶ್ಚಿಮಕ್ಕೆ ಬೇರೆಯವರ ಹಿತ್ತಲು, ದಕ್ಷಿಣಕ್ಕೆ ಮೋರಿ, ಉತ್ತರಕ್ಕೆ ದಾರಿ. ಹೋಗಿ ನೋಡಿದೆ. ಗೋಡೆ ಇತ್ತು, ಹಿತ್ತಲಿತ್ತು, ಮೋರಿ ದೂರದಿಂದಲೇ ಮೂಗಿಗೆ ಗೊತ್ತಾಗುತ್ತಿತ್ತು. ಉತ್ತರಕ್ಕೆ, ಲಾರಿ ಬರುವಷ್ಟು ಅಗಲಕ್ಕೆ, ದಾರಿಯೂ ಇತ್ತು.

ಆ ದಾರಿ ಇದ್ದದ್ದು ಮಾರಿದವರದೇ ಮುಂದಿನ ಜಾಗದಲ್ಲಿ. ಮುಂದಿನದನ್ನು ಇಟ್ಟುಕೊಂಡು ಹಿಂದಿನದನ್ನು ನನಗೆ ಕೊಟ್ಟರು. ಈ ದಾರಿ ಹೀಗೇ ಇರುತ್ತದಲ್ಲ ಎಂದು ನಾನು ಒಂದು ಮಾತು ಕೇಳಿಯೂ ಕೇಳಿದೆ. ಅವರು ನಕ್ಕು, “ದಾರಿ ಎಲ್ಲಿಗೆ ಹೋಗುತ್ತೆ ಸಾರ್? ಮುಂದೆ ನಾನೇ ಇದೀನಲ್ಲ” ಅಂದರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ. ಮರಳು, ಜಲ್ಲಿ, ಕಂಬಿ ಎಲ್ಲ ಆ ದಾರಿಯಲ್ಲೇ ಬಂದವು. ಅವರೇ ನಿಂತು ಲಾರಿಗೆ ಕೈ ತೋರಿಸುತ್ತಿದ್ದರು.

ಮನೆ ಕಟ್ಟಿದ್ದು ಅಕ್ಕನಿಗಾಗಿ. ಅಪ್ಪ ಅಮ್ಮ ಇಲ್ಲದ ನನ್ನನ್ನು, ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಸೀರೆ ಬಿಡಿಸಿ ತೋರಿಸಿ ಸಾಕಿದವಳು. ಈಗ ಲಕ್ವ ಹೊಡೆದು ನಿಲ್ಲಲಾರಳು. ನಮ್ಮ ಬಾಡಿಗೆ ಮನೆ ಮೂರನೇ ಮಹಡಿಯಲ್ಲಿದೆ. ಲಿಫ್ಟ್ ಇಲ್ಲ, ಮೆಟ್ಟಿಲು ಒಬ್ಬರಿಗೆ ಸರಿಯಾದರೆ ಇಬ್ಬರಿಗೆ ಇಕ್ಕಟ್ಟು. ಆಸ್ಪತ್ರೆಯಿಂದ ಹೊತ್ತುಕೊಂಡು ಹತ್ತಿಸಿದ ಮೇಲೆ ಅವಳು ಕೆಳಗೆ ಇಳಿದೇ ಇರಲಿಲ್ಲ. ಕಿಟಕಿಯಿಂದ ಕಾಣುವ ಎದುರು ಮನೆಗಳ ಬಟ್ಟೆ ಒಣಹಾಕುವ ಹಗ್ಗಗಳೇ ಅವಳ ಲೋಕ. ಯಾರ ಮನೆಯಲ್ಲಿ ಹೊಸ ಅಂಗಿ ಬಂತು, ಯಾರು ಅಳಿಯನ ಪ್ಯಾಂಟು ಒಗೆಯುವುದನ್ನು ಬಿಟ್ಟರು, ಎಲ್ಲ ವರದಿ ಮಾಡುತ್ತಾಳೆ. ಹೊಸ ಮನೆಗೆ ಹೊಸ್ತಿಲು ಇಡಿಸಲಿಲ್ಲ. ಬಾಗಿಲುಗಳನ್ನು ಗಾಲಿಕುರ್ಚಿ ನುಗ್ಗುವಷ್ಟು ಅಗಲ ಮಾಡಿಸಿದೆ. ಅಂಗಳಕ್ಕೆ ಇಳಿಜಾರು ಹಾಕಿಸಿದೆ. ಬಣ್ಣದ ವಾಸನೆಗೆ ಅವಳಿಗೆ ಉಸಿರು ಕಟ್ಟುತ್ತದೆಂದು, ಬಣ್ಣ ಒಣಗಲಿ ಎಂದು ಒಂದು ವಾರ ಆ ಕಡೆ ಹೋಗಲಿಲ್ಲ.

ಆ ವಾರ ಮುಗಿದ ಮೇಲೆ ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಡ್ರೈವಿಂಗ್ ಕಲಿಯಲು ಬರುವ ಬೇಕರಿಯವರೂ ಬ್ಯಾಂಕಿನವರೂ ನಾನೂ ಸೇರಿ ಇಳಿಸಿದೆವು. ಸ್ಕೂಲಿನ ಕಾರಿನಲ್ಲಿ ನಾನು ಕೂರುವ ಸೀಟಿನಲ್ಲೇ ಕೂರಿಸಿದೆ. ಅಲ್ಲಿ ಮೇಷ್ಟ್ರಿಗೆಂದು ಇನ್ನೊಂದು ಬ್ರೇಕ್ ಇರುತ್ತದೆ. ಅದನ್ನು ನೋಡಿ, ಕಾಲು ಹೋದವಳ ಕಾಲಡಿ ಬ್ರೇಕ್ ಇಟ್ಟಿದ್ದೀಯಲ್ಲ, ನಿನ್ನ ಬುದ್ಧಿಗಿಷ್ಟು ಎಂದು ದಾರಿಯುದ್ದಕ್ಕೂ ನಕ್ಕಳು. ಅವಳು ಅಷ್ಟು ನಕ್ಕದ್ದನ್ನು ನೋಡಿ ಬಹಳ ಕಾಲವಾಗಿತ್ತು. ತಿರುವು ದಾಟಿದರೆ ದಾರಿಯಿರಬೇಕಾದ ಕಡೆ ಗೋಡೆ. ಹೊಸ ಗೋಡೆ, ಸಿಮೆಂಟು ಇನ್ನೂ ಹಸಿ.

ಅಕ್ಕ ಕೇಳಿದಳು, “ಮನೆ ಎಲ್ಲೋ?” ಗೋಡೆಯ ಮೇಲಿಂದ ಕಾಣುತ್ತಿದ್ದ ಕಪ್ಪು ನೀರಿನ ಟ್ಯಾಂಕನ್ನು ತೋರಿಸಿದೆ. ಅವಳು ಅದನ್ನೇ ನೋಡುತ್ತಾ ಕೂತಿದ್ದು, “ಚೆನ್ನಾಗಿದೆ ಕಣೋ” ಅಂದಳು. ಮಾನ್ಯರೇ, ನನಗೆ ಅಳು ಬಂತು. ಶಿಷ್ಯರ ಮುಂದೆ ಅತ್ತೆ.

ಗೋಡೆ ಕಟ್ಟಿಸಿದವರು ಮುಂದಿನ ಜಾಗವನ್ನು ಹೊಸದಾಗಿ ಕೊಂಡವರು. ಜಗಳಕ್ಕೆಂದೇ ಹೋದೆ. ಅವರು ನೀರು ಕೊಟ್ಟು ಕೂರಿಸಿ, ತಮ್ಮ ಪತ್ರ ತಂದು ನನ್ನ ಕೈಗಿಟ್ಟರು. “ನಾನೂ ನಿಮ್ಮ ಹಾಗೇ ಎಲ್ಲಾ ನೋಡೇ ತಗೊಂಡಿದ್ದು. ನನ್ನ ಪತ್ರದಲ್ಲಿ ದಾರಿ ಇಲ್ಲ.” ನಿಜ. ಇರುವುದು ‘ದಕ್ಷಿಣಕ್ಕೆ: ಮನೆ’. ಆ ಮನೆ ನನ್ನದು. ಅವರ ಮೇಲೆ ಸಿಟ್ಟು ಮಾಡೋಣವೆಂದರೆ ಅದಕ್ಕೂ ಜಾಗವಿಲ್ಲ. ಮಾರಿದವರು ಎರಡೂ ಕಡೆಯಿಂದ ಬಾಚಿಕೊಂಡು ಊರು ಬಿಟ್ಟಿದ್ದಾರೆ, ಫೋನು ಬಡಿದುಕೊಳ್ಳುತ್ತದೆ, ಎತ್ತುವವರಿಲ್ಲ.

ಈಗ ಹೇಳಿ. ನನ್ನ ಪತ್ರದ ಪ್ರಕಾರ ನನ್ನ ಉತ್ತರಕ್ಕೆ ದಾರಿ. ಅವರ ಪತ್ರದ ಪ್ರಕಾರ ಅವರ ದಕ್ಷಿಣಕ್ಕೆ ನೇರ ನನ್ನ ಮನೆ. ಎರಡಕ್ಕೂ ಮೊಹರು ಹಾಕಿದ್ದು ಒಂದೇ ಕಚೇರಿ, ಸಹಿ ಮಾಡಿದ ಕೈಯೂ ಒಂದೇ. ಈ ಎರಡು ಕಾಗದಗಳ ನಡುವೆ ಒಂದು ಇಡೀ ದಾರಿ ಎಲ್ಲಿ ಬಿದ್ದುಹೋಯಿತು? ಸೂಜಿಯೇ, ಗುಂಡಿಯೇ, ಕೈತಪ್ಪಿ ಬೀಳಲು? ಲಾರಿ ಓಡಾಡುತ್ತಿದ್ದ ದಾರಿ, ಮಾನ್ಯರೇ.

ಇದನ್ನೇ ತಮ್ಮ ಬಳಿ ಬಂದು ಕೇಳಿದೆ. ತಮಗೆ ನೆನಪಿರಲಾರದು, ನನ್ನಂಥವರು ದಿನಕ್ಕೆಷ್ಟೋ. ತಾವು ನನ್ನ ಪತ್ರ ಓದಿ, ಕನ್ನಡಕ ಮೇಲೆತ್ತಿ, ಬಹಳ ಶಾಂತವಾಗಿ ಕೇಳಿದಿರಿ: “ಉತ್ತರಕ್ಕೆ ದಾರಿ ಅಂತ ಇದೆ, ಸರಿ. ನಿಮಗೆ ದಾರಿ ಅಂತ ಎಲ್ಲಿ ಬರೆದಿದೆ?”

ಹುಟ್ಟಿದಾಗಿನಿಂದ ಆಡಿಕೊಂಡು ಬಂದ ಮಾತಿನ ಅರ್ಥ ಆವತ್ತು ಹೊಸದಾಗಿ ಕಲಿತೆ. ದಾರಿ ಎಂದರೆ ನಡೆಯುವಂಥದ್ದು ಎಂದುಕೊಂಡಿದ್ದೆ. ತಮ್ಮಲ್ಲಿ ದಾರಿ ಎಂದರೆ ನೋಡುವಂಥದ್ದು. ಉತ್ತರಕ್ಕೆ ಬೆಟ್ಟ ಎಂದು ಬರೆದ ಮಾತ್ರಕ್ಕೆ ಬೆಟ್ಟ ನಿಮ್ಮದಾಗುತ್ತದೆಯೇ ಎಂದು ತಾವೇ ಬಿಡಿಸಿ ಹೇಳಿದಿರಿ. ಒಪ್ಪಿದೆ. ಆದರೆ ಬೆಟ್ಟ ಹತ್ತದೆ ಬದುಕಬಹುದು, ಮನೆಗೆ ಹೋಗದೆ ಬದುಕುವುದು ಹೇಗೆ ಎಂದು ಕೇಳುವಷ್ಟರಲ್ಲಿ ತಾವು, “ನೋಂದಾಯಿಸೋದಷ್ಟೇ ನಮ್ಮ ಕೆಲಸ. ಬೇರೆ ದಾರಿ ನೋಡ್ಕೊಳ್ಳಿ” ಅಂದು ಮುಂದಿನವರನ್ನು ಕರೆದಿರಿ. ಬೇರೆ ದಾರಿ! ಇದ್ದ ಒಂದನ್ನೇ ಕಳೆದುಕೊಂಡವನಿಗೆ! ವಕೀಲರ ಹತ್ತಿರವೂ ಹೋದೆ. ದಾವೆ ಹೂಡಿದರೆ ಗೆಲ್ಲಬಹುದು ಅಂದರು. ಎಷ್ಟು ಕಾಲ ಹಿಡಿಯುತ್ತದೆ ಎಂದರೆ ಫ್ಯಾನಿನ ಕಡೆ ನೋಡಿದರು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನನಗೂ ಈಗ ಬುದ್ಧಿ ಬಂದಿದೆ. ತಮ್ಮ ಫಲಕದಲ್ಲಿ ಜಾಗವಿದ್ದರೆ ಅದನ್ನೂ ಬರೆಸಿ. ಜಾಗ ನೋಡಲು ಹೋಗುವವರು ಮಾರುವವರ ಬೆನ್ನು ಹಿಡಿದು ಹೋಗಬೇಡಿ. ಒಬ್ಬರೇ, ಮುಖ್ಯರಸ್ತೆಯಿಂದ ನಡೆದು ಹೋಗಿ, ಕಾಲಿಟ್ಟ ಕಡೆಯೆಲ್ಲ ಈ ನೆಲ ಯಾರದು ಎಂದು ಕೇಳಿ. ನಿಂತ ನೆಲ ನಿಮ್ಮದಾದರೆ ಸಾಲದು, ನಡೆದು ಬಂದ ನೆಲದ ಲೆಕ್ಕವೂ ಬೇಕು. ಅದು ಇನ್ನೊಬ್ಬರದಾದರೆ ದಾರಿಯ ಅಗಲ, ಉದ್ದ, ಓಡಾಡುವ ಹಕ್ಕು ಮೂರನ್ನೂ ಪತ್ರದಲ್ಲಿ ಬರೆಸಿ. ‘ನಾನೇ ಇದೀನಲ್ಲ’ ಅನ್ನುವವರಿಂದ ಮೊದಲು ಬರೆಸಿ, ಯಾಕೆಂದರೆ ಅವರು ಇರುವುದಿಲ್ಲ. ಬಾಡಿಗೆಗೆ ಮನೆ ಹುಡುಕುವವರು ನಡುಮನೆ, ಅಡುಗೆಮನೆ ಆಮೇಲೆ ನೋಡಿ, ಮೊದಲು ಮೆಟ್ಟಿಲು ನೋಡಿ. ನಿಮ್ಮಲ್ಲಿ ಎಲ್ಲರಿಗಿಂತ ಕೈಲಾಗದವರು ಯಾರೋ ಅವರನ್ನು ಹೊತ್ತು ಹತ್ತಲಾದೀತೇ ಎಂದು ಯೋಚಿಸಿ. ಖಾಲಿ ಮಾಡಿಸುವಾಗ ಎಷ್ಟು ಗಡುವು ಕೊಡುತ್ತಾರೆಂದು ಒಳಗೆ ಕಾಲಿಡುವ ದಿನವೇ ಬರೆಸಿಕೊಳ್ಳಿ, ಆ ದಿನ ಎಲ್ಲರೂ ಒಳ್ಳೆಯವರೇ. ನಾನು ಬರೆಸಿಕೊಂಡಿರಲಿಲ್ಲ. ಸ್ವಂತ ಮನೆ ಮುಗಿಯಿತೆಂಬ ಸಂತೋಷದಲ್ಲಿ ನಾನೇ ಮನೆಯೊಡತಿಗೆ ಖಾಲಿ ಮಾಡುತ್ತೇನೆಂದು ಹೇಳಿದ್ದೆ. ಅವರು ಬೇರೆಯವರಿಗೆ ಮಾತು ಕೊಟ್ಟಾಗಿದೆ. ಈ ತಿಂಗಳ ಕೊನೆಗೆ ನಾವು ಹೊರಡಲೇಬೇಕು.

ನನ್ನ ಬೇಡಿಕೆ ದೊಡ್ಡದಲ್ಲ. ತಮ್ಮ ಮೊಹರು ಬಿದ್ದ ಎರಡೂ ಪತ್ರಗಳನ್ನು ಜೇಬಿನಲ್ಲಿಟ್ಟುಕೊಂಡು ಒಂದು ಸಲ ಆ ಗೋಡೆಯ ಹತ್ತಿರ ಬನ್ನಿ. ಮುಂದಿನ ಜಾಗದವರನ್ನೂ ನನ್ನನ್ನೂ ನಿಲ್ಲಿಸಿ, ತಾವೇ ಒಪ್ಪಿ ಸಹಿ ಮಾಡಿದ ದಾರಿ ಯಾವುದೆಂದು ಕೈಯಿಟ್ಟು ತೋರಿಸಿ. ಗಾಲಿಕುರ್ಚಿ ಹೋಗುವಷ್ಟು ಅಗಲವಾದರೂ ಬಿಡಿ ಎಂದು ತಾವು ಹೇಳಿದರೆ ಗೋಡೆ ಒಡೆಯಲು ಅವರು ಒಪ್ಪಿದ್ದಾರೆ. ಕಚೇರಿಯ ಬಾಯಿಂದ ಬರಲಿ ಎನ್ನುತ್ತಾರೆ, ಅಷ್ಟೇ. ಈ ತಿಂಗಳು ಮುಗಿಯುವುದರೊಳಗೆ ಬನ್ನಿ. ಕಾಲಿಗೆ ಬೀಳಬೇಕೆಂದರೆ ಬೀಳುತ್ತೇನೆ.

ಅವತ್ತು ಗೋಡೆ ನೋಡಿ ವಾಪಸು ಬಂದು, ಅದೇ ಕುರ್ಚಿಯಲ್ಲಿ ಅಕ್ಕನನ್ನು ಮತ್ತೆ ಹತ್ತಿಸಿದೆವು. ಎರಡನೇ ಮಹಡಿಯ ತಿರುವಿನಲ್ಲಿ ಬೇಕರಿಯವರ ಕಾಲು ಜಾರಿತು. ಅಕ್ಕ ಮೆಟ್ಟಿಲ ಸರಳು ಹಿಡಿದುಕೊಂಡಳು. ಮೇಲೆ ಬಂದು ಹಾಸಿಗೆಗೆ ಒರಗಿಸಿದ ಮೇಲೆ ನನ್ನ ಕೈ ಹಿಡಿದು ಹೇಳಿದಳು: “ಇನ್ನೊಂದು ಸಲ ನನ್ನ ಇಳಿಸಿದ್ರೆ, ಮತ್ತೆ ಹತ್ತಿಸೋ ಹಾಗಿರಬಾರದು ಕಣೋ.”

ಹಾಗೆ ಇಳಿಯಲು ಇರುವುದು ಎರಡೇ ದಾರಿ, ಮಾನ್ಯರೇ. ಒಂದಕ್ಕೆ ಚಟ್ಟ ಬೇಕು, ಇನ್ನೊಂದು ತಮ್ಮ ಕೈಯಲ್ಲಿದೆ.

ಇಂತಿ,
ಊರಿಗೆಲ್ಲ ಗಾಡಿ ಕಲಿಸಿ, ಸ್ವಂತ ಮನೆಗೆ ಹೋಗಲು ಬಾರದ ಮೇಷ್ಟ್ರು
(ವಿಳಾಸ: ತಮ್ಮ ದಾಖಲೆಯಲ್ಲಿದೆ. ಕಾಗದ ಹಾಕಬೇಡಿ, ಅಂಚೆಯವರಿಗೂ ದಾರಿಯಿಲ್ಲ.)